ಅಕ್ಕನ ಕಂಪ್ಯೂಟರಿಗೆ ವೇಳೆ ಹೇಳಿದವನು

ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಒಂದ್ನಿಮಿಷ’ ಎಂದೇ. ವಾಚು ರಿಪೇರಿಯ ಅಂಗಡಿಯಲ್ಲಿ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತವನನ್ನು ಯಾರೇ ಮಾತಾಡಿಸಲಿ, ತಲೆಯೆತ್ತದೆ “ಒಂದ್ನಿಮಿಷ” ಎನ್ನುತ್ತಿದ್ದ. ಆ ನಿಮಿಷಕ್ಕೆ ಅರವತ್ತೇ ಸೆಕೆಂಡು ಎಂಬ ಕಟ್ಟುಪಾಡೇನೂ ಇರಲಿಲ್ಲ. ತಿಳಿದವರು ಎದುರಿನ ಬೆಂಚಿನ ಮೇಲೆ ಕೂತು ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಮುಗಿಸುತ್ತಿದ್ದರು. ಮದುವೆಯ ಮಾತೆತ್ತಿದವರಿಗೂ ಅವನು ಅದನ್ನೇ ಹೇಳಿದ್ದ. ಈಗ ಅವನಿಗೆ ಐವತ್ತೆಂಟು.

ಅಂಗಡಿಯ ಹಿಂದಿನ ಮೂರು ಕೋಣೆಯ ಮನೆಯಲ್ಲಿ ಅವನೂ ಅವನಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕನೂ ಇದ್ದರು. ಭಾವ ತೀರಿಕೊಂಡ ಮೇಲೆ ಅಕ್ಕ ಎರಡು ಟ್ರಂಕು ತುಂಬ ಪುಸ್ತಕ ಹೊತ್ತುಕೊಂಡು ಬಂದವಳು ಇಲ್ಲೇ ಉಳಿದಳು. ಅವಳದು ಕರಡು ತಿದ್ದುವ ಕೆಲಸ. ಪ್ರಕಾಶಕರು ಪುಟಗಳನ್ನು ಕಂಪ್ಯೂಟರಿಗೆ ಕಳಿಸುತ್ತಿದ್ದರು. ಇವಳು ತಪ್ಪು ಹೆಕ್ಕಿ ವಾಪಸು ಕಳಿಸುತ್ತಿದ್ದಳು. ಅಕ್ಷರದ ವಿಷಯದಲ್ಲಿ ಅವಳದು ಹದ್ದಿನ ಕಣ್ಣು. ಅಂಗಡಿಯ ಬೋರ್ಡಿನಲ್ಲಿ ‘ದುರಸ್ತಿ’ ಎಂಬುದನ್ನು ‘ದುರಸ್ಥಿ’ ಎಂದು ಬರೆದಿದ್ದನ್ನು ಕಂಡು, ಬಂದ ಮೊದಲ ವಾರವೇ ಸ್ಟೂಲು ಹತ್ತಿ ತಾನೇ ತಿದ್ದಿದ್ದಳು.

ಆ ಕಂಪ್ಯೂಟರಿನ ಹತ್ತಿರ ತಮ್ಮನಿಗೆ ಪ್ರವೇಶವಿರಲಿಲ್ಲ. ಒಮ್ಮೆ ಧೂಳು ಒರೆಸಲು ಹೋಗಿ ಯಾವುದೋ ವೈರು ಎಳೆದು, ಅಕ್ಕನ ಅರ್ಧ ದಿನದ ಕೆಲಸಕ್ಕೆ ಎಳ್ಳುನೀರು ಬಿಟ್ಟಿದ್ದ. ಅಂದಿನಿಂದ ಬಾಗಿಲಲ್ಲೇ ನಿಂತು ಮಾತಾಡಬೇಕೆಂದು ಆಜ್ಞೆಯಾಗಿತ್ತು.

ಈ ಸಲ ಮನೆಗೆ ಸುಣ್ಣಬಣ್ಣ ಹೊಡೆಸಿದರು. ನಾಲ್ಕು ದಿನ ಕಂಪ್ಯೂಟರು ಎಲ್ಲ ವೈರು ಬಿಚ್ಚಿಸಿಕೊಂಡು, ಹಳೆಯ ಹೊದಿಕೆ ಹೊದ್ದು ಮಂಚದ ಕೆಳಗಿತ್ತು. ಗುರುವಾರ ಬೆಳಿಗ್ಗೆ ಅಕ್ಕ ಅದನ್ನು ಮೇಜಿಗೇರಿಸಿ, ವೈರುಗಳನ್ನು ಜೋಡಿಸಿ, ಬೆನ್ನಿಗೆ ವೈಫೈ ಕಡ್ಡಿಯನ್ನು ಚುಚ್ಚಿದಳು. ಯಂತ್ರವೇನೋ ಎದ್ದಿತು. ಆದರೆ ಇಂಟರ್‌ನೆಟ್ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ನೂರಾ ಹತ್ತು ಪುಟಗಳ ಪುಸ್ತಕವೊಂದು ಶನಿವಾರ ಸಂಜೆಯೊಳಗೆ ತಿದ್ದಿ ಹೋಗಬೇಕಿತ್ತು. ಅಕ್ಕನ ಮೊಬೈಲೋ ಒತ್ತುಗುಂಡಿಯ ಹಳೆಯದು. ಫೋನು ಬಂದರೆ ಮಾತಾಡುವುದಕ್ಕಷ್ಟೇ.

ಅವಳು ಸಹಾಯವಾಣಿಗೆ ಫೋನು ಮಾಡಿದಳು.

“ಮಾಡೆಮ್‌ನಲ್ಲಿ ಹಸಿರು ದೀಪ ಉರೀತಿದೆಯಾ ಮೇಡಂ?” ಎಂದಿತು ಹೆಣ್ಣುಧ್ವನಿ.

“ಉರೀತಿದೆಯಮ್ಮ.”

“ಮಿಣುಕ್ತಿದೆಯಾ, ಸುಮ್ನೆ ಉರೀತಿದೆಯಾ?”

“ಎರಡು ಸುಮ್ನೆ ಇವೆ, ಒಂದು ಮಿಣುಕ್ತಿದೆ. ಯಾವುದು ಒಳ್ಳೇದು?”

ಹುಡುಗಿ ನಕ್ಕಳು. ಮಾಡೆಮ್ ಆರಿಸಿ ಹಚ್ಚಿಸಿದಳು, ಕಡ್ಡಿಯನ್ನು ಬೇರೆ ತೂತಿಗೆ ಚುಚ್ಚಿಸಿದಳು. ಕೊನೆಗೆ, ಕಂಪ್ಯೂಟರಿನಲ್ಲಿ ಉಳಿದಿರುವ ವೈಫೈ ಹೆಸರನ್ನು ಅಳಿಸಿ, ಪಾಸ್‌ವರ್ಡನ್ನು ಹೊಸದಾಗಿ ಕೊಡಿ ಎಂದಳು. ಪಾಸ್‌ವರ್ಡು ಇದ್ದದ್ದು ಮಾಡೆಮ್ಮಿನ ಹೊಟ್ಟೆಯಡಿ ಅಂಟಿಸಿದ ಚೀಟಿಯಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ. ಅಕ್ಕ ಮೂರು ಸಲ ಒತ್ತಿದಳು, ಮೂರು ಸಲವೂ ತಪ್ಪೆಂದಿತು.

ಅಂಗಡಿಯಿಂದ ತಮ್ಮ ಬಂದು ಬಾಗಿಲಲ್ಲಿ ನಿಂತಿದ್ದ. “ನಾನೊಂದ್ಸಲ ನೋಡ್ಲಾ?” ಎಂದ.

“ಚೀಟಿ ಮಾತ್ರ ನೋಡು.”

ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಮಾಡೆಮ್ಮನ್ನು ಬೆಳಕಿಗೆ ಹಿಡಿದ. “ಐದನೇದು ‘ಓ’ ಅಲ್ಲ ಅಕ್ಕ, ಸೊನ್ನೆ. ‘ಓ’ ಆಗಿದ್ರೆ ಇನ್ನೂ ದುಂಡಗಿರ್ತಿತ್ತು.”

ಸೊನ್ನೆ ಒತ್ತಿದ್ದೇ ವೈಫೈ ಸಿಕ್ಕಿತು. ಪರದೆಯ ಮೂಲೆಯಲ್ಲಿ ಪುಟ್ಟ ಕಮಾನುಗಳು ಒಂದರ ಮೇಲೊಂದು ಬೆಳಗಿದವು. ಅಕ್ಕ ಸಹಾಯವಾಣಿಯ ಹುಡುಗಿಗೆ ಬಾಯ್ತುಂಬ ಹರಸಿ ಫೋನಿಟ್ಟಳು. ಆದರೆ ಇಮೇಲ್ ಟಪಾಲು ತೆರೆಯಹೋದರೆ ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಬೇರೆ ಯಾವ ಪುಟಕ್ಕೆ ಹೋದರೂ ಅದೇ ಪಾಡು.

ಮತ್ತೆ ಫೋನು ಮಾಡಿದರೆ ಈ ಸಲ ಬೇರೆ ಯಾರೋ ಸಿಕ್ಕಿ, ನಮ್ಮ ಕಡೆ ಎಲ್ಲ ಸರಿಯಿದೆ, ಕಂಪ್ಯೂಟರ್ ಯಾರಿಗಾದರೂ ತೋರಿಸಿ ಎಂದರು. ಮೂರನೇ ಬೀದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು ಫೋನಿನಲ್ಲೇ ಎಲ್ಲ ಕೇಳಿಸಿಕೊಂಡ. “ವೈರಸ್ ಇರಬೇಕು ಅಮ್ಮ. ತಂದುಬಿಟ್ಟು ಹೋಗಿ. ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕಾಗಬಹುದು. ಸೋಮವಾರ ಕೊಡ್ತೀನಿ,” ಎಂದ.

ಎಲ್ಲ ಅಳಿಸಿ ಎಂಬ ಮಾತು ಕೇಳಿದ್ದೇ ಅಕ್ಕ ಫೋನಿಟ್ಟಳು. ಹತ್ತು ವರ್ಷಗಳಿಂದ ಅವಳು ಕರಡಿನಲ್ಲಿ ಕಂಡ ಅಪರೂಪದ ಪದಗಳನ್ನು ಅರ್ಥಸಹಿತ ಅದರಲ್ಲೇ ಕೂಡಿಡುತ್ತ ಬಂದಿದ್ದಳು. ಅದು ಯಾರಿಗೂ ಬೇಕಿರಲಿಲ್ಲ, ಯಾರೂ ಕೇಳಿರಲಿಲ್ಲ. ಹಾಗಾಗಿಯೇ ಅದು ಪೂರ್ತಿ ಅವಳದಾಗಿತ್ತು. ಅವಳು ಕುರ್ಚಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಳು.

ಆಜ್ಞೆ ಮೀರಿ ತಮ್ಮ ಒಳಗೆ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಪರದೆಯನ್ನೇ ನೋಡುತ್ತಿದ್ದ. ವೈಫೈ, ತಾಣ, ಎಚ್ಚರಿಕೆ, ಒಂದೂ ಅವನಿಗೆ ತಿಳಿಯದು. ಆದರೆ ಎಲ್ಲಿ ಹೋದರೂ ಅವನ ಕಣ್ಣು ಮೊದಲು ಹುಡುಕುವ ವಸ್ತು ಒಂದಿತ್ತು. ಅದು ಕೆಳಗಿನ ಬಲಮೂಲೆಯಲ್ಲಿ ಸಿಕ್ಕಿತು.

“ಅಕ್ಕ, ಈ ಗಡಿಯಾರ ತಪ್ಪು ತೋರಿಸ್ತಿದೆ.”

“ಇರ್ಲಿ ಬಿಡೋ, ಈಗ ಅದೊಂದು ಕಡಿಮೆ.”

“ಅದರಲ್ಲಿ ಮೂರೂ ಹದಿನೇಳು, ನನ್ನ ಕೈಯಲ್ಲಿ ಒಂದೂ ನಲವತ್ತು. ಅಷ್ಟೇ ಅಲ್ಲ, ವರ್ಷ ನೋಡು.”

ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕಂಪ್ಯೂಟರು ಹನ್ನೊಂದು ವರ್ಷ ಹಿಂದೆ ಕೂತಿತ್ತು. ಊರಿನವರ ಕಾಗುಣಿತ ತಿದ್ದುವವಳಿಗೆ ತನ್ನ ಪರದೆಯ ಮೂಲೆಯ ತಪ್ಪು ಬೆಳಗಿನಿಂದ ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಮನೆಯ ಗೋಡೆಗಳ ಮೇಲೆ ಏಳು ಗಡಿಯಾರ ಟಿಕ್‌ಟಿಕ್ ಎನ್ನುತ್ತಿರುವಾಗ, ಅವಳು ಆ ಮೂಲೆಯತ್ತ ಕಣ್ಣು ಹಾಯಿಸಿದ್ದೇ ಇಲ್ಲ.

ಮೌಸು ಹಿಡಿದು, ತಮ್ಮ ಹೇಳಿದಂತೆ ದಿನಾಂಕ, ಗಂಟೆ, ನಿಮಿಷ ಇಟ್ಟಳು. ಸೆಕೆಂಡನ್ನೂ ಸರಿಯಾಗಿ ಇಡಬೇಕೆಂದು ಅವನು ಹಟ ಹಿಡಿದ. ಆಮೇಲೆ ಟಪಾಲು ಒತ್ತಿದರೆ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

“ಗಂಟೆ ತಪ್ಪಾದ್ರೆ ಬಾಗಿಲು ಯಾಕೋ ಮುಚ್ಚಬೇಕು?”

ಅದು ಅವನಿಗೂ ಗೊತ್ತಿರಲಿಲ್ಲ. ಫೋನು ಮಾಡಿ ಕೇಳಿದ್ದಕ್ಕೆ ಕಂಪ್ಯೂಟರ್ ಅಂಗಡಿಯವನು ಸ್ವಲ್ಪ ನಾಚಿಕೊಂಡೇ ಬಿಡಿಸಿ ಹೇಳಿದ. ಪ್ರತಿಯೊಂದು ತಾಣವೂ ಕಂಪ್ಯೂಟರಿಗೆ ತನ್ನ ಗುರುತಿನ ಪತ್ರ ತೋರಿಸಬೇಕು. ಹನ್ನೊಂದು ವರ್ಷ ಹಿಂದಿರುವ ಯಂತ್ರಕ್ಕೆ ಇಂದಿನ ಪತ್ರವೆಲ್ಲ ಇನ್ನೂ ಹುಟ್ಟದ ದಿನದ್ದಾಗಿ ಕಾಣುತ್ತದೆ, ಮೋಸವಿರಬೇಕೆಂದು ಒಳಗೇ ಬಿಡುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕ ಎಂದಿನಂತೆ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೂ ಆರಿಸಿದ್ದಳು; ಶುಕ್ರವಾರ ಬೆಳಿಗ್ಗೆ ಕಂಪ್ಯೂಟರು ಮತ್ತೆ ಹನ್ನೊಂದು ವರ್ಷ ಹಿಂದೆ ಹೋಗಿ ಕೂತಿತ್ತು.

“ಕರೆಂಟ್ ಹೋದ ಕೂಡ್ಲೆ ಮರೀತಿದೆ ಅಂದ್ರೆ,” ತಮ್ಮ ನಿಧಾನವಾಗಿ ಹೇಳಿದ, “ಒಳಗಿನ ಸೆಲ್ ಸತ್ತಿದೆ. ಸೆಲ್ ಇಲ್ಲದೆ ಯಾವ ಗಡಿಯಾರವೂ ವೇಳೆ ಇಟ್ಕೊಳ್ಳಲ್ಲ. ಬಿಚ್ಚಿ ನೋಡ್ಲಾ?”

ಅಕ್ಕ ಕಂಪ್ಯೂಟರಿನ ಮೇಲೆ ಕೈಯಿಟ್ಟಳು. ಆಮೇಲೆ, “ನನ್ನ ಪದಗಳೆಲ್ಲ ಅದರಲ್ಲಿವೆ ಕಣೋ,” ಎಂದಳು.

“ಗೊತ್ತು.”

“ಏನಾದ್ರೂ ಆದ್ರೆ ನಾನು ನಿನ್ನನ್ನ ಬೈಯೋದಿಲ್ಲ. ಅದಕ್ಕೇ ಭಯ.”

ಅವನು ಅಂಗಡಿಗೆ ಬೀಗ ಹಾಕಿ ಬಂದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಲ್ಲ ವೈರು ಬಿಚ್ಚಿ, ಯಂತ್ರವನ್ನು ಮಗುವಿನಂತೆ ಮಗ್ಗುಲಾಗಿ ಮಲಗಿಸಿದ. ಕಳಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟ. ಮುಚ್ಚಳ ತೆಗೆದರೆ ಒಳಗೆ ಹತ್ತಿಯಂಥ ಧೂಳು. ಮೆತ್ತನೆಯ ಕುಂಚದಿಂದ ಅದನ್ನು ಸರಿಸುತ್ತ ಹೋದ ಹಾಗೆ, ಹಸಿರು ಹಲಗೆಯ ನಡುವೆ ಅಂಗಿಯ ದೊಡ್ಡ ಗುಂಡಿಯಂಥ ಬೆಳ್ಳಿಬಣ್ಣದ ಬಿಲ್ಲೆ ಕಂಡಿತು. ಮೇಲಿನ ಅಂಕಿಯನ್ನು ಭೂತಗನ್ನಡಿಯಲ್ಲಿ ಓದಿದವನ ಮುಖ, ಜಾತ್ರೆಯಲ್ಲಿ ನೆಂಟನನ್ನು ಕಂಡವನ ಹಾಗಾಯಿತು. “ಇವನಾ! ಇವನು ನಮ್ಮ ಡ್ರಾಯರ್‌ನಲ್ಲಿ ಡಜನ್‌ಗಟ್ಟಲೆ ಇದ್ದಾನೆ.”

ಚಿಮುಟದಲ್ಲಿ ಹಳೆಯ ಸೆಲ್ ಎತ್ತಿ ಹೊಸದನ್ನು ಕೂರಿಸುವುದಕ್ಕೆ ಹಿಡಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅವನು ತಿರುಪು ಬಿಚ್ಚತೊಡಗಿದಾಗಿನಿಂದ ಅಕ್ಕ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವನು ಕರೆದಾಗ ಒದ್ದೆ ಕೈಯಲ್ಲೇ ಬಂದು, ಇನ್ನೊಮ್ಮೆ ದಿನಾಂಕವಿಟ್ಟು, ಮೊದಲು ಪದಗಳ ಕಡತ ತೆರೆದಳು. ಎಲ್ಲವೂ ಇದ್ದಲ್ಲೇ ಇದ್ದವು. ಗೋಡೆಯ ಸ್ವಿಚ್ಚು ಆರಿಸಿ ಹಚ್ಚಿದರೂ ವೇಳೆ ಕದಲಲಿಲ್ಲ. ಪುಸ್ತಕ ಶನಿವಾರ ನಾಲ್ಕು ಗಂಟೆಗೇ ಹೋಯಿತು.

ಮುಂದಿನ ವಾರ ಅಕ್ಕ ತಾನಾಗಿಯೇ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿದಳು. ಎಲ್ಲೋ ದೂರದೇಶದಲ್ಲಿ ಗೋಪುರದ ದೊಡ್ಡ ಗಡಿಯಾರವನ್ನು ಬಿಚ್ಚಿ ಜೋಡಿಸುವ ವಿಡಿಯೋ ಹುಡುಕಿ ಕೊಟ್ಟಳು. ಮನುಷ್ಯನಿಗಿಂತ ಎತ್ತರದ ಹಲ್ಲುಚಕ್ರವನ್ನು ನಾಲ್ವರು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಅವನು ಬಾಯಿ ತೆರೆದು ನೋಡಿದ. ಮುಗಿದ ಮೇಲೆ ಮತ್ತೊಮ್ಮೆ ಹಾಕಿಸಿಕೊಂಡ. ನಡುನಡುವೆ “ಹಗ್ಗ ಆ ಕಡೆಯಿಂದ ಹಿಡೀಬಾರ್ದಪ್ಪ,” ಎಂದು ಪರದೆಯಲ್ಲಿದ್ದವರಿಗೆ ಬುದ್ಧಿ ಹೇಳಿದ.

ಈಗ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕಂಪ್ಯೂಟರು ತಮ್ಮನದು. ಅಕ್ಕ ಆ ಹೊತ್ತಿಗೆ ಕರಡನ್ನು ಕಾಗದದ ಮೇಲೆ ಅಚ್ಚು ಹಾಕಿಕೊಂಡು ಅಂಗಡಿಗೆ ಹೋಗಿ ಕೂರುತ್ತಾಳೆ. ವಾಚು ತಂದವರಿಂದ ಇಸಿದುಕೊಂಡು, ಹೆಸರನ್ನು ಚೀಟಿಯಲ್ಲಿ ತಪ್ಪಿಲ್ಲದೆ ಬರೆದಿಟ್ಟು, “ಅವನು ಓದ್ತಾ ಇದ್ದಾನೆ, ಸಂಜೆ ಬನ್ನಿ,” ಎಂದು ಕಳಿಸುತ್ತಾಳೆ.