ರೇಡಿಯೇಟರಿಗೆ ಅಡ್ಡ ನಿಂತ ಬೇಕರಿ ಬೋರ್ಡು

ಗೆಳೆಯರೇ, ನಮ್ಮ ಇಂಜಿನ್ ಬದುಕಿದೆ!

ಇಂದು ಬೆಳಿಗ್ಗೆ ಕೆಂಗಲ್ ಆಚೆ, ಇನ್ನೂ ಒಂದು ಮನೆಯೂ ಏಳದ ಹೊಸ ಲೇಔಟಿನ ಮಣ್ಣುರಸ್ತೆಯಲ್ಲಿ ನಮ್ಮ ಹಳೇ ಕಾರನ್ನು ಓಡಿಸಿ ನೋಡುತ್ತಿದ್ದೆವು. ಮುಂದಿನ ತಿಂಗಳಿಂದ ರೇಸುಗಳು ಶುರು. ಕಳೆದ ವಾರ ಕುದಿದು ನಿಂತಿದ್ದ ಇಂಜಿನ್ ಇಂದೂ ಬಾನೆಟ್ಟಿನಿಂದ ಹಬೆ ಉಗುಳಿ ನಿಂತುಬಿಟ್ಟಿತು.

ಓಡಿಸುತ್ತಿದ್ದ ಮಂಜ ಇಳಿದವನೇ ನನ್ನ ಮೇಲೆ ಎಗರಿದ. "ಇದೇನ್ಲಾ ಇಂಜಿನ್ನಾ, ಟೀ ಅಂಗ್ಡಿ ಒಲೆನಾ? ಈ ಸಲ ರೇಸೇ ಬ್ಯಾಡ ಬುಡು."

ಇಂಜಿನ್ ಬಿಚ್ಚಿ ಕಟ್ಟಿದವನು ನಾನು. ಕಾರಿನ ಮುಂದೆ ಕುಕ್ಕರಿಸಿದೆ. ಆಗ ಕಣ್ಣಿಗೆ ಬಿತ್ತು. ನಮಗೆ ಟೈರು ಕೊಡಿಸಿದ ಬೇಕರಿ ಕೆಂಪಣ್ಣನವರ ತಗಡಿನ ಬೋರ್ಡು ರೇಡಿಯೇಟರಿಗೆ ಗಾಳಿಯೇ ಹೋಗದಂತೆ ಅಡ್ಡ ನಿಂತಿತ್ತು. ಕೆಂಪಣ್ಣನವರೂ ಪಕ್ಕದಲ್ಲೇ ಇದ್ದರು.

"ಅಣ್ಣಾ, ಬೋರ್ಡ್ ಬಿಚ್ಬೇಕು. ಗಾಳಿ ಆಡ್ತಿಲ್ಲ" ಎಂದೆ.

"ಬೋರ್ಡ್ ಕಾಣ್ಲಿ ಅಂತ್ಲೇ ಟೈರ್ ಕೊಡ್ಸಿದ್ದು ಕಣಪ್ಪಾ!"

ಟೈರೂ ಹೋಯಿತು ಎಂದುಕೊಂಡೆ. ಅವರು ಬಾನೆಟ್ಟಿನಿಂದ ಏಳುತ್ತಿದ್ದ ಹಬೆಯನ್ನು ನೋಡಿ, "ಕೊಡು ಇಲ್ಲಿ ಸ್ಪ್ಯಾನರ್ರು. ಹಿಂದ್ಗಡೆ ಹಾಕನ. ನೀವು ಮುಂದೆ ಹೋದ್ರೆ ಹಿಂದಿರೋರೆಲ್ಲ ಓದ್ಕತಾರೆ" ಎಂದು ತಾವೇ ಬಿಚ್ಚತೊಡಗಿದರು.

ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿ, ಬಿಸಿಲು ನೆತ್ತಿಗೆ ಬರುವವರೆಗೂ ಸುತ್ತು ಹೊಡೆದೆವು. ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೂ ಸುಳಿಯಲಿಲ್ಲ. ಮಂಜ ಇಳಿಯಲೇ ಒಲ್ಲ. ಆಯಿಲ್ ಒಂದಿಷ್ಟು ಜಿನುಗುತ್ತಿದೆ, ನೋಡಿಕೊಳ್ಳೋಣ.

ಇನ್ನುಳಿದಿರುವುದು ಒಂದೇ ಕಷ್ಟ: ಬೇಕರಿಯ ಹೆಸರನ್ನು ಯಾರಾದರೂ ಓದಬೇಕಾದರೆ ನಮ್ಮ ಹಿಂದೆ ಒಂದು ಕಾರಾದರೂ ಇರಬೇಕು!