ಅಪ್ಪನ ಹೆಸರನ್ನು ಎಳೆದು ಅಗಲ ಮಾಡಿದರು

ಸಂಜೆ ಆರೂವರೆ. ನಾಳೆ ತೀರಿಕೊಂಡ ಅಪ್ಪನ ಶಿವಗಣಾರಾಧನೆ. ಇವತ್ತಿನ ದಿನವೆಲ್ಲ ಸಿಂದಗಿಯ ಫ್ಲೆಕ್ಸ್ ಅಂಗಡಿಯಲ್ಲೇ ಹೋಯಿತು. ಅಂಗಡಿಯವನು ಕಂಪ್ಯೂಟರಿನಲ್ಲಿ ಅಪ್ಪನ ಹೆಸರನ್ನು ಫೋಟೋದ ಅಗಲಕ್ಕೆ ಎಳೆದುಬಿಟ್ಟ. ಅಕ್ಷರಗಳೆಲ್ಲ ತುಳಿಸಿಕೊಂಡಂತೆ ಚಪ್ಪಟೆಯಾದವು.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಚಿಕ್ಕವಳಿದ್ದಾಗ ನಾನು ಅವ್ವನ ಜೊತೆ ಬುತ್ತಿ ಒಯ್ಯುತ್ತಿದ್ದೆ. ಅಪ್ಪ ರಸ್ತೆ ದಾಟಿ ಎದುರು ಕಟ್ಟೆಯ ಮೇಲೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ವಾಪಸು ಬಂದು ಒಂದು ಅಕ್ಷರವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ಮತ್ತೆ ಬರೆಯುವುದು, ಮತ್ತೆ ರಸ್ತೆ ದಾಟುವುದು.

“ಅಳತಿ ಪಟ್ಟಿ ಹಿಡದು ಅಳದೀನ್ರಿ, ಎಲ್ಲಾ ಸಮ ಅದಾವ!” ಎಂದು ಅಂಗಡಿ ಸಾವ್ಕಾರ ಸಿಡುಕುತ್ತಿದ್ದ.

“ಗಿರಾಕಿ ಪಟ್ಟಿ ತಗೊಂಡು ಬರ್ತಾರೇನ್ರಿ? ದುಂಡನ ಅಕ್ಷರ ದೂರದಿಂದ ಸಣ್ಣ ಕಾಣ್ತಾವ. ಚೂರು ದೊಡ್ಡದು ಮಾಡ್ಬೇಕು” ಎನ್ನುತ್ತಿದ್ದರು ಅಪ್ಪ.

“ರೊಟ್ಟಿ ಆರಿ ಹೋದು. ಇನ್ನ ಆ ಅಕ್ಷರಾನ ಉಣ್ರಿ” ಎನ್ನುತ್ತಿದ್ದಳು ಅವ್ವ.

ಸ್ವಲ್ಪ ದೂರ ನಿಂತು ನೋಡು ತಮ್ಮಾ ಎಂದು ಇವತ್ತು ಎಷ್ಟು ಹೇಳಿದರೂ ಫ್ಲೆಕ್ಸಿನವನು ಕುರ್ಚಿ ಬಿಟ್ಟು ಏಳಲಿಲ್ಲ.

“ಅಕ್ಕಾರ, ಎರಡ ದಿನದಾಗ ಹರದು ಹೋಗೋದು. ಯಾರ್ ನೋಡ್ತಾರ ಬಿಡ್ರಿ” ಎಂದ.

ಹೆಸರೇ ಬೇಡ, ಫೋಟೋ ಅಷ್ಟೇ ಹಾಕು ಎಂದು ಹೇಳಿ ಎದ್ದು ಬಂದೆ. ನಾಳೆ ಮನೆಯ ಮುಂದೆ ಅಪ್ಪನ ಫೋಟೋ ಇರುತ್ತದೆ, ಹೆಸರು ಇರುವುದಿಲ್ಲ.