ಖಾಲಿ ಎಂದು ಬರೆದ ಜಾಗದಲ್ಲಿ ಹಾಡು

ನಮ್ಮಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಒಬ್ಬನೇ ರೈತನ ಭತ್ತದ ಚೀಲಗಳು ಜಾಗ ಸಿಕ್ಕ ಮೂಲೆಗಳಿಗೆಲ್ಲ ಹಂಚಿಹೋಗುತ್ತಿದ್ದವು. ಬಿಡುವಾದಾಗ ಅಪ್ಪ ಅವನ್ನು ಒಂದೇ ಕಡೆ ಕೂಡಿಸುತ್ತಿದ್ದರು. ಬಹಳ ದಿನ ಯಾರೂ ಕೇಳದ ಚೀಲಗಳನ್ನು ಹೊರಹಾಕಿ ಹೊಸ ಮಾಲಿಗೆ ಜಾಗ ಮಾಡುವುದು ಅಲ್ಲಿಯ ಪದ್ಧತಿ. ಬಳ್ಳಾರಿಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಾಗ ಈ ಎರಡೂ ಚಾಳಿ ನನ್ನ ಜೊತೆಗೇ ಬಂದವು. ಪ್ರತಿ ಶನಿವಾರ ಕಂಪ್ಯೂಟರಿನ ಡಿಸ್ಕಿನಲ್ಲಿ ತುಂಡುತುಂಡಾಗಿ ಚದುರಿದ ಫೈಲುಗಳನ್ನು ಒತ್ತಾಗಿ ಜೋಡಿಸುತ್ತಿದ್ದೆ. ಅದರ ಬಗ್ಗೆ ಜಂಭವೂ ಇತ್ತು.

ಗಣಿಯ ಭರಾಟೆಯ ದಿನಗಳು. ಬೀದಿಯಲ್ಲಿ ಕೆಂಪು ಧೂಳು, ನನ್ನ ಡಿಸ್ಕಿನ ತುಂಬ ಗಣಿಯ ನಕ್ಷೆಗಳು. ಒಂದು ಮಧ್ಯಾಹ್ನ ಹೊಸ ನಕ್ಷೆಗೆ ಚೂರೇ ಚೂರು ಜಾಗ ಕಡಿಮೆ ಬಿತ್ತು. ಕುರುಗೋಡಿನ ಟೀಚರಮ್ಮ ಒಬ್ಬರು, ತಮ್ಮ ತಾಯಿ ದೇಶನೂರಿನ ಗದ್ದೆಗಳಲ್ಲಿ ಹಾಡುತ್ತಿದ್ದ ನಾಟಿ ಹಾಡುಗಳನ್ನು ನನ್ನಲ್ಲಿ ಟೈಪ್ ಮಾಡಿಸಿ, ತಿಂಗಳುಗಟ್ಟಲೆ ಇತ್ತ ಸುಳಿದಿರಲಿಲ್ಲ. ಯಾರೂ ಕೇಳದ ಮಾಲು ಎಂದು ಆ ಫೈಲನ್ನು ಅಳಿಸಿ ನಕ್ಷೆ ತುಂಬಿಸಿದೆ.

ಮರುದಿನವೇ ಟೀಚರಮ್ಮ ಬಂದರು. ತಾಯಿ ತೀರಿಕೊಂಡಿದ್ದರು. ಹಾಡು ಬರೆದಿಟ್ಟ ನೋಟುಬುಕ್ಕು ಮನೆ ಸೋರಿ ನೆನೆದು ಮುದ್ದೆಯಾಗಿತ್ತು.

"ನಿಮ್ಮ ಹತ್ರ ಐತಲ್ಲ ಅಂತ ಧೈರ್ಯ ತಗೊಂಡೀನ್ರಿ" ಅಂದರು. ನಿನ್ನೆಯಷ್ಟೇ ಅಳಿಸಿದ್ದನ್ನು ಒಪ್ಪಿಕೊಂಡೆ.

ಪಕ್ಕದ ಬೀದಿಯಲ್ಲಿ, ರೇಡಿಯೋ ರಿಪೇರಿ ಮಾಡುತ್ತ ಕಂಪ್ಯೂಟರನ್ನೂ ತಾವೇ ಕಲಿತುಕೊಂಡ ಭಾಯಿ ಒಬ್ಬರಿದ್ದರು. ಕರೆದ ಕೂಡಲೇ ಬಂದು, "ಏನೂ ಮುಟ್ಟಬ್ಯಾಡ. ಹೊಸಾದೊಂದೂ ಅದರಾಗ ಹಾಕಬ್ಯಾಡ" ಎಂದು ಗದರಿದರು. ಆಮೇಲೆ ಟೀಚರಮ್ಮನ ಕಡೆ ತಿರುಗಿದರು.

"ಡಿಸ್ಕಿನಾಗ ಬರೇ ಸಣ್ಣ ಸಣ್ಣ ಖಾನಿ ಅದಾವಮ್ಮ. ಫೈಲು ತುಂಡಾಗಿ ಅದರಾಗ ಕುಂದರತೈತಿ. ಯಾವ ಖಾನಿ ಆದಮ್ಯಾಲೆ ಯಾವುದು ಅಂತ ಒಂದು ಪಟ್ಟಿ ಇರತೈತಿ. ಇವ ಅಳಿಸಿದ್ದು ಆ ಪಟ್ಟಿ ಅಷ್ಟ. ಬ್ಯಾರೆದು ಬಂದು ಕುಂದರೋತನಕ ಹಾಡು ಅಲ್ಲೇ ಇರತೈತಿ."

ಪಟ್ಟಿಯಲ್ಲಿ ಖಾಲಿ, ಒಳಗೆ ಹಾಡು! ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕುಳಿತು ಅನ್ನ ಸಂಪಾದಿಸಿದವನಿಗೆ ಇದು ಗೊತ್ತಿರಲಿಲ್ಲ. ಈ ಏರ್ಪಾಡು ಮಾಡಿದ ತಲೆಗೆ, ಅದನ್ನು ನಾಲ್ಕು ಮಾತಿನಲ್ಲಿ ಬಿಡಿಸಿಟ್ಟ ಭಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವರು ಡಿಸ್ಕನ್ನು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಫೈಲು ಶುರುವಾಗುವ ಖಾನೆಯ ಗುರುತು ಮಾತ್ರ ಉಳಿದಿತ್ತು. ನಾನು ಒತ್ತಾಗಿ ಜೋಡಿಸಿಟ್ಟಿದ್ದರಿಂದ ಮುಂದಿನ ಖಾನೆಗಳು ಸಾಲಾಗಿಯೇ ಸಿಕ್ಕವು. ಒಂದೊಂದು ಹಾಡು ತೆರೆಯ ಮೇಲೆ ಬಂದಂತೆ ಟೀಚರಮ್ಮ ಮೆಲ್ಲಗೆ ಓದಿಕೊಳ್ಳುತ್ತಿದ್ದರು. ಕಣ್ಣೀರು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟಿದ್ದರು.

ಕೊನೆಯ ಹಾಡು ಮೂರನೆಯ ಸಾಲಿಗೆ ತುಂಡಾಯಿತು. ಅಲ್ಲಿಂದಾಚೆ ಗಣಿಯ ನಕ್ಷೆ ಕುಳಿತಿತ್ತು.

"ತಪ್ಪಾತ್ರಿ ಟೀಚರ್" ಎಂದೆ. ಅವರು ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಬರಕೋರಿ" ಎಂದು ಹಾಡತೊಡಗಿದರು. ನಾಲ್ಕನೆಯ ಸಾಲು ಬಂತು, ಐದನೆಯದೂ ಬಂತು. ಆರಕ್ಕೆ ನಿಂತರು. ಮತ್ತೆ ಮೊದಲಿನಿಂದ ಹಾಡಿ ಅಲ್ಲಿಗೇ ಬಂದು ನಿಂತರು.

"ಇದರ ಮುಂದ ಅವ್ವ ಏನಂತಿದ್ಲು? ನೀವ ಟೈಪ್ ಮಾಡೀರಲ್ಲ, ಒಂಚೂರು ನೆನಪು ಮಾಡ್ಕೋರಿ" ಅಂದರು.

ಆ ಸಾಲನ್ನು ಒತ್ತಿದ್ದು ನನ್ನ ಇವೇ ಬೆರಳುಗಳು. ಒಂದಕ್ಷರವೂ ನೆನಪಿರಲಿಲ್ಲ.